ಆ ತೀರ್ಪು ಆ ಕೇಸಿಗೆ ಮಾತ್ರ

ತುಮಕೂರಿನ ಬಟವಾಡಿಯಲ್ಲಿ ನಮ್ಮ ಮೇಡಂ ಮನೆಯ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ‘ಮೃದುಭಾಷಿ, ಸರಳಜೀವಿ, ಯಾರ ಮನಸ್ಸನ್ನೂ ನೋಯಿಸದವರು’ ಎಂದು ಬರೆದಿತ್ತು. ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಗೆ ಹೋಗಿದ್ದ ನಾವು ಮೂವರೂ ಅದರ ಮುಂದೆ ನಿಂತು ಓದಿದೆವು. ಬೇರೆ ಯಾರದೋ ಮನೆಗೆ ಬಂದುಬಿಟ್ಟೆವೇನೋ ಎಂದು ಲೋಕೇಶ ಪಕ್ಕದ ಗೇಟನ್ನೂ ಒಮ್ಮೆ ನೋಡಿಕೊಂಡು ಬಂದ. ಆದರೆ ಫೋಟೋ ಅವರದೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಫೋಟೋ ತೆಗೆಯುವವನನ್ನೇ ‘ಇದಕ್ಕೆ ದಾಖಲೆ ಏನಿದೆ’ ಎಂದು ಕೇಳುತ್ತಿರುವಂಥ ಮುಖ.

ಆರು ವರ್ಷ, ನಡುವಿನ ಐದು ತಿಂಗಳು ಬಿಟ್ಟರೆ, ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ, ನಾನು ಆ ಮುಖದ ಎದುರು ಕೂತಿದ್ದೇನೆ. ಅವರು ನನ್ನ ಮನಸ್ಸನ್ನು ನೋಯಿಸದೆ ಬಿಟ್ಟ ಭಾನುವಾರ ಯಾವುದಾದರೂ ಇತ್ತೇ ಎಂದು ಊಟದ ಪಂಕ್ತಿಯಲ್ಲಿ ಕೂತು ನೆನಪಿಸಿಕೊಳ್ಳಲು ನೋಡಿದೆ. ಪಾಯಸ ಬರುವವರೆಗೂ ಒಂದೂ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವರ ನೆಂಟರೊಬ್ಬರು, ನೀವು ಮೂವರೂ ಅವರ ಹತ್ತಿರ ವಚನ ಕಲಿಯೋಕೆ ಬರುತ್ತಿದ್ದವರಲ್ಲವೇ ಎಂದು ಭಕ್ತಿಯಿಂದ ವಿಚಾರಿಸಿದರು. ಹೌದು ಎಂದೆ. ಆ ಹೊತ್ತಿನಲ್ಲಿ ನಿಜ ಹೇಳಿದ್ದರೆ ಎಲೆಯ ಮುಂದಿನಿಂದ ಎಬ್ಬಿಸುತ್ತಿದ್ದರೋ ಏನೋ.

ನಿಜ ಏನೆಂದರೆ, ಅವರು ನಮ್ಮ ಗೇಮ್ ಮಾಸ್ಟರ್ ಆಗಿದ್ದರು. ಈ ಆಟವನ್ನು ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ಬಹಳ ಸರಳ. ಮೇಜಿನ ಸುತ್ತ ಕೂರಬೇಕು. ಒಬ್ಬರು, ಅಂದರೆ ಗೇಮ್ ಮಾಸ್ಟರ್, ಕಥೆ ಹೇಳುತ್ತಾರೆ: ಕಾಡಿದೆ, ಕೋಟೆಯಿದೆ, ಒಳಗೆ ಏನೋ ಗುರುಗುಟ್ಟುತ್ತಿದೆ. ಮಿಕ್ಕವರು ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ, ನಾನು ಹಾಗೆ ಮಾಡುತ್ತೇನೆ ಎನ್ನಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಆಯಿತು, ಒಂದು ಬಿದ್ದರೆ ಕೆಟ್ಟಿತು. ಇಷ್ಟೇ. ಇಷ್ಟಕ್ಕೆ ಮುನ್ನೂರು ಪುಟದ ಇಂಗ್ಲಿಷ್ ರೂಲ್ ಬುಕ್ ಇದೆ. ಮುನ್ನೂರು ಪುಟ ಸಾಲದವರು ಮನೆಯಲ್ಲೇ ರೂಲ್ಸ್ ತಯಾರಿಸಿಕೊಳ್ಳುತ್ತಾರೆ. ಅಂಥವರಲ್ಲಿ ನಾನೊಬ್ಬ.

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಲೋಕೇಶ ಅಮೃತೂರಿನವನು, ಬಸ್ ಕಂಡಕ್ಟರ್, ಸಂಸಾರ ಕುಣಿಗಲ್ಲಿನಲ್ಲಿ. ಶೈಲಜಾ ತುಮಕೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನಮ್ಮ ಮೂವರಿಗೂ ಈ ಹುಚ್ಚು ಹಿಡಿಸಿದ್ದು ತುಮಕೂರಿಗೆ ವರ್ಗವಾಗಿ ಬಂದಿದ್ದ ಒಬ್ಬ ಬ್ಯಾಂಕ್ ಆಫೀಸರ್. ಎರಡು ವರ್ಷ ಆಡಿಸಿ, ಮತ್ತೆ ವರ್ಗವಾಗಿ, ರೂಲ್ ಬುಕ್ಕನ್ನೂ ದಾಳಗಳನ್ನೂ ನಮಗೆ ಬಿಟ್ಟು ಹೋದರು. ಕಥೆ ಹೇಳುವವರಿಲ್ಲದೆ ನಾವೇ ಸರದಿಯ ಮೇಲೆ ಹೇಳತೊಡಗಿದೆವು. ಅಂದರೆ ಸರದಿಯ ಮೇಲೆ ಜಗಳವಾಡತೊಡಗಿದೆವು.

ಜಗಳ ನಿಲ್ಲಿಸಲು ನಾನೊಂದು ಲಾಂಗ್ ನೋಟ್‌ಬುಕ್ ಇಟ್ಟೆ. ಪ್ರತಿ ಜಗಳದ ಕೊನೆಯಲ್ಲೂ ಒಂದು ರೂಲ್ ಬರೆಯುವುದು, ಮೂವರೂ ಸಹಿ ಹಾಕುವುದು. ಮೇಜಿನಿಂದ ಕೆಳಗೆ ಬಿದ್ದ ದಾಳ ಲೆಕ್ಕಕ್ಕಿಲ್ಲ ಎಂಬುದು ಐದನೆಯ ರೂಲ್. ಕಾಫಿ ಲೋಟದೊಳಗೆ ಬಿದ್ದ ದಾಳ ಲೆಕ್ಕಕ್ಕಿದೆ, ಏಕೆಂದರೆ ಲೋಟ ಮೇಜಿನ ಮೇಲಿದೆ ಎಂಬುದು ಆರನೆಯದು. ಲೋಟವನ್ನು ಕೈಯಲ್ಲಿ ಹಿಡಿದಿದ್ದರೆ ಏನು ಎಂಬುದಕ್ಕೆ ಏಳು, ಎಂಟು, ಒಂಬತ್ತು. ನಲವತ್ತಮೂರು ರೂಲ್ ಆಗುವ ಹೊತ್ತಿಗೆ ನಾವು ಆಟ ಆಡುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೆವು. ನೋಟ್‌ಬುಕ್ ಮಾತ್ರ ಬಹಳ ಅಚ್ಚುಕಟ್ಟಾಗಿತ್ತು.

ಆಡಲು ಜಾಗ ಬೇಕಿತ್ತು. ಶೈಲಜಾಳ ಲ್ಯಾಬಿಗೆ ಶುಗರ್ ಟೆಸ್ಟಿಗೆ ಬರುತ್ತಿದ್ದ ಒಬ್ಬ ನಿವೃತ್ತ ಹೆಂಗಸು, ಅಂದರೆ ಈ ಮೇಡಂ, ಮುಂದಿನ ಕೋಣೆ ಖಾಲಿ ಇದೆ, ಚಪ್ಪಲಿ ಹೊರಗೆ ಬಿಡಿ, ಕೂಗಾಡಬೇಡಿ ಎಂದು ಎರಡು ಷರತ್ತು ಹಾಕಿ ಒಪ್ಪಿದರು. ಎರಡನೆಯದನ್ನು ನಾವು ಮೊದಲ ಭಾನುವಾರವೇ ಮುರಿದೆವು. ಲೋಕೇಶನ ಪಾತ್ರ ಒಬ್ಬ ಕಳ್ಳ. ಮಂತ್ರದಿಂದ ಅದೃಶ್ಯನಾಗಿದ್ದ. ಅದೃಶ್ಯನಾದವನು ಬಾಗಿಲು ತೆರೆದರೆ ಕಾವಲಿನವನಿಗೆ ಗೊತ್ತಾಗುತ್ತದೋ ಇಲ್ಲವೋ ಎಂದು ಮುಕ್ಕಾಲು ಗಂಟೆ ವಾದ ನಡೆಯಿತು. ನಾನು ನೋಟ್‌ಬುಕ್ಕಿನ ಹನ್ನೆರಡನೇ ರೂಲನ್ನೂ ಇಪ್ಪತ್ತೊಂಬತ್ತನೇ ರೂಲನ್ನೂ ಕೂಡಿಸಿ ಓದಬೇಕು ಎಂದು ವಿವರಿಸುತ್ತಿದ್ದೆ. ಒಳಗಿನಿಂದ ಅವರು ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು.

“ಬಾಗಿಲು ತೆಗೀತು,” ಎಂದರು. “ಕೀಲಿಗೆ ಎಣ್ಣೆ ಇಲ್ಲ, ಕಿರುಗುಟ್ತು. ಕಾವಲಿನೋನು ತಿರುಗಿ ನೋಡ್ದ. ಯಾರೂ ಕಾಣ್ಲಿಲ್ಲ. ಅವನಿಗೀಗ ಹೆದರಿಕೆ. ಮುಂದೆ?”

ಲೋಕೇಶ ದಾಳ ಕೈಗೆತ್ತಿಕೊಂಡ. ಆ ಸಂಜೆ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನಮ್ಮ ಕಳ್ಳ ಕೋಟೆಯ ಒಳಗೆ ಹೋದ.

ಅವರು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು ಎಂದು ಆಮೇಲೆ ತಿಳಿಯಿತು. ಯಾವ ತಾಲ್ಲೂಕಿನದು ಎಂದು ಅವರು ಹೇಳಲಿಲ್ಲ. ನ್ಯಾಯಾಧೀಶರ ಪೀಠದ ಕೆಳಗಿನ ಮೇಜಿನಲ್ಲಿ ಕೂತು, ಬೇರೆಯವರು ಕೊಟ್ಟ ಆದೇಶಗಳನ್ನು ಬರೆದುಕೊಂಡು, ಕೂಗಿ ಹೇಳಿ, ಮೊಹರು ಒತ್ತಿ ನಿವೃತ್ತರಾದವರು. ಒಂದು ಆದೇಶವನ್ನೂ ಸ್ವಂತವಾಗಿ ಕೊಟ್ಟವರಲ್ಲ. ಆ ಬಾಕಿಯನ್ನೆಲ್ಲ ನಮ್ಮ ಮೇಲೆ ತೀರಿಸಿಕೊಂಡರು.

ಕಥೆ ಹೇಳುವ ಕೆಲಸ ಅವರದಾದ ಮೇಲೆ ರೂಲ್ ಬುಕ್ಕನ್ನು ಪೂರ್ತಿ ಓದಿದರು. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಎರಡು ಸಲ. ಓದಿದ ಮೇಲೆ ಅದನ್ನು ತಮ್ಮ ಕುರ್ಚಿಯ ಮೇಲಿಟ್ಟುಕೊಂಡು ಅದರ ಮೇಲೆ ಕೂತರು. ಮೇಜು ಎತ್ತರವಾಗಿತ್ತು, ಇದರಿಂದ ಸರಿಹೋಯಿತು ಎಂದರು. ನನ್ನ ನೋಟ್‌ಬುಕ್ಕನ್ನೂ ಕೇಳಿ ತೆಗೆದುಕೊಂಡು ಓದಿದರು. ನಲವತ್ತಮೂರರಲ್ಲಿ ಎಷ್ಟು ಚೆನ್ನಾಗಿವೆ ಎಂದು ಕೇಳಿದೆ. ಅಕ್ಷರ ದುಂಡಗಿದೆ ಎಂದರು.

ಅವರ ರೀತಿಯೇ ಬೇರೆ. ತುರುಬಿನೊಳಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ವಾದ ಶುರುವಾದರೆ ಕನ್ನಡಕ ತೆಗೆದು ಮಡಿಸಿಡುತ್ತಿದ್ದರು. ಕನ್ನಡಕ ಮಡಿಸಿದರೆಂದರೆ ವಾದಕ್ಕೆ ಉಳಿದಿರುವುದು ಒಂದು ನಿಮಿಷ ಎಂದು ಅರ್ಥ. ಮತ್ತೆ ಹಾಕಿಕೊಂಡರೆಂದರೆ ತೀರ್ಪು ಬಂತು. ಆಮೇಲೆ ‘ಮುಂದೆ’. ಅಪೀಲು ಇಲ್ಲ.

ಒಂದು ಸಲ ಸೇತುವೆಯ ಮೇಲೆ ಒಬ್ಬ ರಾಕ್ಷಸ ಅಡ್ಡ ನಿಂತಿದ್ದ. ಅವನನ್ನು ಮಾತಿನಲ್ಲಿ ಒಪ್ಪಿಸುತ್ತೇನೆ ಎಂದು ಲೋಕೇಶ ಹೊರಟ. ಇಪ್ಪತ್ತು ವರ್ಷದಿಂದ ತುಂಬಿದ ಬಸ್ಸಿನಲ್ಲಿ ಮಾತಾಡಿ ಬದುಕಿದವನು. ಸ್ವಲ್ಪ ಒಳಗಡೆ ಹೋಗಣ್ಣ, ಹಿಂದ್ಗಡೆ ಪೂರ್ತಿ ಖಾಲಿ ಐತೆ, ನೀನ್ ಇಲ್ಲೇ ನಿಂತ್ರೆ ಉಳಿದೋರು ಎಲ್ಲೋಗ್ಬೇಕು ಎಂದು ರಾಕ್ಷಸನಿಗೆ ಹೇಳಿದ. ಅದೂ ಎಂಥ ಗಾಂಭೀರ್ಯದಿಂದ ಎಂದರೆ ನಾನೇ ಕುರ್ಚಿಯನ್ನು ಒಂದಿಷ್ಟು ಹಿಂದೆ ಸರಿಸಿದೆ. ಅವರು ದಾಳವನ್ನೇ ಕೇಳಲಿಲ್ಲ. ರಾಕ್ಷಸ ಸರಿದ ಎಂದುಬಿಟ್ಟರು. ನಾನು ಎದ್ದು ನಿಂತೆ. ಒಪ್ಪಿಸುವುದಕ್ಕೆ ದಾಳ ಹಾಕಲೇಬೇಕೆಂದು ಪುಸ್ತಕದಲ್ಲಿದೆ ಎಂದೆ. ಅನುಮಾನ ಇದ್ದರೆ ತಾನೇ ದಾಳ, ನನಗೆ ಅನುಮಾನವೇ ಬರಲಿಲ್ಲ ಎಂದರು. ಮುಂದಿನ ವಾರ ನಾನೂ ಒಬ್ಬ ದ್ವಾರಪಾಲಕನಿಗೆ ಹತ್ತು ನಿಮಿಷ ತರ್ಕಬದ್ಧವಾಗಿ ಉಪನ್ಯಾಸ ಕೊಟ್ಟೆ. ದಾಳ ಹಾಕಿ ಎಂದರು. ನಾಲ್ಕು ಬಿತ್ತು. ದ್ವಾರಪಾಲಕ ಆಕಳಿಸಿದ.

ಅವರ ತೀರ್ಪುಗಳಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಸಾಬೀತುಪಡಿಸುವುದನ್ನು ನಾನು ಜೀವನದ ಗುರಿ ಮಾಡಿಕೊಂಡೆ. ಹಿಂದಿನ ತಿಂಗಳು ಹಗ್ಗ ಮೂವರ ಭಾರ ತಡೆದಿತ್ತು, ಇವತ್ತು ಇಬ್ಬರಿಗೇ ತುಂಡಾಯಿತು, ಇದು ಹೇಗೆ ಎಂದು ದಿನಾಂಕ ಸಮೇತ ಕೇಳಿದೆ. ಆವತ್ತಿನ ಹಗ್ಗ ಹೊಸದು ಎಂದರು. ಹಾಗಾದರೆ ಹಗ್ಗದ ವಯಸ್ಸಿಗೆ ಒಂದು ರೂಲ್ ಬರೆಯೋಣ ಎಂದೆ. ಆಗ ಹೇಳಿದ ಮಾತು ಆಮೇಲೆ ಅವರ ಬಾಯಲ್ಲಿ ಕಾಯಂ ಆಯಿತು: “ಬರ್ಕೋಬೇಡಿ ಮೇಷ್ಟ್ರೇ. ಆ ತೀರ್ಪು ಆ ಕೇಸಿಗೆ ಮಾತ್ರ.”

ಮೂರನೇ ವರ್ಷ ಶೈಲಜಾಳ ತಾಯಿ ಕಾಯಿಲೆ ಬಿದ್ದರು. ಅವಳು ಮೂರು ತಿಂಗಳು ಬರಲಿಲ್ಲ. ತಾಯಿ ಹೋದಾಗ ಅವಳು ಲ್ಯಾಬಿನಲ್ಲಿ ಇನ್ಯಾರದೋ ರಕ್ತ ಪರೀಕ್ಷೆ ಮಾಡುತ್ತಿದ್ದಳಂತೆ. ಫೋನು ಬ್ಯಾಗಿನಲ್ಲಿತ್ತು, ನೋಡಲಿಲ್ಲವಂತೆ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಬಂದು ತನ್ನ ಜಾಗದಲ್ಲಿ ಕೂತಳು. ಅವಳ ಪಾತ್ರ ಒಬ್ಬ ಮದ್ದಿನ ಅಜ್ಜಿ. ಬ್ಯಾಂಕ್ ಆಫೀಸರ್ ಆಡಿಸುತ್ತಿದ್ದ ಕಾಲದಿಂದಲೂ ನಮ್ಮ ಗಾಯಗಳಿಗೆಲ್ಲ ಸೊಪ್ಪು ಅರೆದು ಹಚ್ಚಿದವಳು. ಆ ದಿನವೇ ಅಜ್ಜಿಗೆ ವಿಷದ ಬಾಣ ತಗುಲಿತು. ದಾಳ ಉರುಳಿಸಿದಳು. ಒಂದು ಬಿತ್ತು.

ನೋಟ್‌ಬುಕ್ಕಿನ ಮೂವತ್ತೊಂದನೇ ರೂಲ್ ಪ್ರಕಾರ ಬಿದ್ದ ದಾಳವನ್ನು ಮತ್ತೆ ಹಾಕುವಂತಿಲ್ಲ, ಸತ್ತವರು ಸತ್ತಂತೆ. ಹಿಂದೊಮ್ಮೆ ಲೋಕೇಶನ ಬೇರೊಂದು ಪಾತ್ರ ಸತ್ತಾಗ, ಅವನು ಇನ್ನೊಂದು ಅವಕಾಶ ಕೇಳಿದಾಗ, ಅದನ್ನು ಹಟ ಹಿಡಿದು ಬರೆಸಿದವಳು ಶೈಲಜಾಳೇ. ಅವಳಿಗೂ ಅದು ನೆನಪಿತ್ತು. ಅವಳು ಏನೂ ಕೇಳಲಿಲ್ಲ. ದಾಳವನ್ನೇ ನೋಡುತ್ತಾ ಕೂತಳು. ಲೋಕೇಶ ಕಿಟಕಿಯ ಕಡೆ ಮುಖ ತಿರುಗಿಸಿದ. ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಪುಟ ತಿರುಗಿಸಿ ಮೂವತ್ತೊಂದನ್ನು ಹುಡುಕಿ ಬೆರಳಿಟ್ಟುಕೊಂಡಿದ್ದೆ.

ಅವರು ಕನ್ನಡಕ ಮಡಿಸಿಟ್ಟರು. ಆಮೇಲೆ ಹಾಕಿಕೊಂಡರು.

“ಬಿದ್ದಿದ್ದನ್ನ ನಾನು ಅಳಿಸಲ್ಲ ಕಣಮ್ಮ,” ಎಂದರು. “ಅಜ್ಜಿ ಸಾಯ್ತಾಳೆ. ಆದ್ರೆ ಯಾವಾಗ ಅಂತ ದಾಳ ಹೇಳಿಲ್ಲ. ಅದನ್ನ ನೀನು ಹೇಳು.”

ಶೈಲಜಾ ತಲೆ ಎತ್ತಿದಳು. ಎಲ್ಲರನ್ನೂ ಹೊಳೆ ದಾಟಿಸಿ ಊರು ಸೇರಿಸಿದ ಮೇಲೆ ಎಂದಳು. ಹೊಳೆ ದಾಟಲು ಮೂರು ಭಾನುವಾರ ಹಿಡಿಯಿತು. ಆ ಮೂರು ವಾರವೂ ಅಜ್ಜಿ ಯಾರಿಗೆ ಯಾವ ಸೊಪ್ಪು, ಯಾವ ಬೇರು ಎಂದು ಲೋಕೇಶನ ಕಳ್ಳನಿಗೆ ಹೇಳಿಕೊಟ್ಟಳು. ಅವನು ಕೇಳಿ ಕೇಳಿ ಕಲಿತ. ಮೂರನೇ ಭಾನುವಾರ, ಊರ ಬಾಗಿಲು ಕಂಡಾಗ, ಸಾಕು ಮೇಡಂ, ಅಜ್ಜಿ ಹೋಗೋದು ಇವತ್ತು ಎಂದಳು ಶೈಲಜಾ. ನಾವೆಲ್ಲ ಅಜ್ಜಿಯ ಹಾಸಿಗೆಯ ಸುತ್ತ ಕೂತೆವು. ಅಂದರೆ ಮೇಜಿನ ಸುತ್ತ, ಎಂದಿನ ಜಾಗದಲ್ಲೇ. ಶೈಲಜಾ ತಾಯಿ ಹೋದ ಮೇಲೆ ಅತ್ತಿದ್ದು ಅವತ್ತೇ ಮೊದಲು ಎಂದು ಆಮೇಲೆ ಹೇಳಿದಳು.

ನನ್ನ ಮನಸ್ಸೂ ಕರಗಿತು. ಮನಸ್ಸು ಕರಗಿದ ಗಣಿತದ ಮೇಷ್ಟ್ರು ಏನು ಮಾಡುತ್ತಾನೆ? ಮನೆಗೆ ಹೋಗಿ ನಲವತ್ತನಾಲ್ಕನೇ ರೂಲ್ ಬರೆದೆ: ಸಾಯುವ ಪಾತ್ರದ ಸಾವಿನ ಸಮಯವನ್ನು ಆಟಗಾರರೇ ನಿರ್ಧರಿಸತಕ್ಕದ್ದು.

ಎರಡು ತಿಂಗಳಾಗಿರಬಹುದು, ನನ್ನ ಕತ್ತಿವೀರ ಒಂದು ಹಾಳು ಬಾವಿಗೆ ಬಿದ್ದ. ದಾಳದಲ್ಲಿ ಒಂದು. ನಾನು ಒಂದಿಷ್ಟೂ ಗಾಬರಿಯಾಗದೆ ನಲವತ್ತನಾಲ್ಕನ್ನು ತೆರೆದು ಓದಿದೆ. ನಾನು ಬಾವಿಯಿಂದ ಹತ್ತಿ ಬಂದು, ಮಾಟಗಾರನನ್ನು ಕೊಂದು, ನಿಧಿ ಪಡೆದು, ಎಂಬತ್ತನೇ ವಯಸ್ಸಿನಲ್ಲಿ ನಿದ್ದೆಯಲ್ಲಿ ಸಾಯುತ್ತೇನೆ ಎಂದು ಘೋಷಿಸಿದೆ. ಅವರು ಕನ್ನಡಕವನ್ನು ಮಡಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಆ ತೀರ್ಪು ಆ ಕೇಸಿಗೆ ಮಾತ್ರ ಎಂದರು. ಅವಳಿಗೊಂದು ನ್ಯಾಯ, ನನಗೊಂದು ನ್ಯಾಯವೇ, ರೂಲ್ ಎಂದರೆ ಎಲ್ಲರಿಗೂ ಒಂದೇ ಅಲ್ಲವೇ ಎಂದು ನಾನು ದನಿ ಏರಿಸಿದೆ.

“ಅವಳಿಗೆ ಅದು ಬೇಕಾಗಿತ್ತು,” ಎಂದರು. “ನಿಮಗೆ ಗೆಲ್ಲೋದು ಬೇಕಾಗಿದೆ.”

ನಾನು ತತ್ವನಿಷ್ಠ. ನೋಟ್‌ಬುಕ್ ಎತ್ತಿಕೊಂಡು ಎದ್ದು ಬಂದೆ. ಗೇಟಿನವರೆಗೆ ಬಂದ ಮೇಲೆ ಚಪ್ಪಲಿ ಬಿಟ್ಟು ಬಂದದ್ದು ಗೊತ್ತಾಗಿ, ತತ್ವವನ್ನು ಒಂದು ನಿಮಿಷ ತಡೆಹಿಡಿದು, ವಾಪಸ್ ಹೋಗಿ ಹಾಕಿಕೊಂಡು ಮತ್ತೆ ಹೊರಟೆ.

ಗುಬ್ಬಿಯಲ್ಲಿ ನನ್ನದೇ ಒಂದು ತಂಡ ಕಟ್ಟಿದೆ. ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ಮತ್ತು ವಿಜ್ಞಾನದ ಮೇಡಂ. ಇಲ್ಲಿ ಯಾರ ಮರ್ಜಿಯೂ ಇಲ್ಲ, ಎಲ್ಲವೂ ಲಿಖಿತ ಎಂದು ಮೊದಲೇ ಹೇಳಿದೆ. ಮೊದಲ ಭಾನುವಾರ ರೂಲ್ಸ್ ಓದಿ ಮುಗಿಸಿದೆವು. ಎರಡನೇ ಭಾನುವಾರ ವಿಜ್ಞಾನದ ಮೇಡಂ ಏಳು ತಿದ್ದುಪಡಿ ತಂದರು. ಮೂರನೇ ಭಾನುವಾರ ಕಥೆ ಶುರುವಾಗಿ ಎಲ್ಲರೂ ಒಂದು ಛತ್ರದಲ್ಲಿ ಇಳಿದುಕೊಂಡರು. ಪಿ.ಟಿ. ಮೇಷ್ಟ್ರು ತಮ್ಮ ಪಾತ್ರ ಊಟ ಮಾಡಬಹುದೇ ಎಂದು ಕೇಳಿದರು. ಊಟದ ಬಗ್ಗೆ ರೂಲ್ ಇರಲಿಲ್ಲ. ಕರಡು ಸಿದ್ಧಪಡಿಸುತ್ತೇನೆ, ಕಾಯಿರಿ ಎಂದೆ. ಅವರು ಕಾದರು, ಆಮೇಲೆ ಎದ್ದು ನಿಜವಾಗಿಯೇ ಊಟಕ್ಕೆ ಹೋದರು. ಮತ್ತೆ ಬರಲಿಲ್ಲ. ಆ ಛತ್ರದಲ್ಲಿ ನನ್ನ ಆದರ್ಶ ರಾಜ್ಯ ಇಂದಿಗೂ ಹಸಿದು ಕೂತಿದೆ.

ಐದು ತಿಂಗಳ ಮೇಲೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಲೋಕೇಶ ಸಿಕ್ಕ. ಕುಣಿಗಲ್ ಬಸ್ಸಿನ ಬಾಗಿಲಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿದ್ದ. ಆಟ ಹೇಗೆ ನಡೆದಿದೆ ಎಂದು, ನನಗೇನೂ ಆಸಕ್ತಿಯಿಲ್ಲದವನ ಹಾಗೆ, ಕೇಳಿದೆ.

“ಎಲ್ಲಿ ಸಾರ್, ನಿಂತೈತೆ,” ಎಂದ.

ಯಾಕೆ ಎಂದೆ.

“ನೀವು ಬಾವೀಲಿದೀರಲ್ಲ.”

ಕಥೆಯನ್ನು ಮೇಡಂ ಒಂದು ಹೆಜ್ಜೆಯೂ ಮುಂದಕ್ಕೆ ಒಯ್ದಿರಲಿಲ್ಲ. ಲೋಕೇಶನ ಕಳ್ಳ, ಶೈಲಜಾ ಹೊಸದಾಗಿ ಮಾಡಿಕೊಂಡಿದ್ದ ಒಬ್ಬ ಬೇಡತಿ, ಇಬ್ಬರೂ ಐದು ತಿಂಗಳಿಂದ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಅಲ್ಲೇ ಕೂತು ಏನು ಮಾಡಬಹುದೋ ಅದನ್ನು ಮೇಡಂ ಅವರಿಂದ ಮಾಡಿಸುತ್ತಿದ್ದರಂತೆ: ಹಳೇ ಕಥೆ ಹೇಳಿಸುವುದು, ಒಬ್ಬರಿಗೊಬ್ಬರು ಒಗಟು ಹಾಕಿಸುವುದು. ಸರ್ ಸತ್ತರು ಅಂತ ಬರೆದು ಮುಂದೆ ಹೋಗೋಣ ಎಂದು ಇಬ್ಬರೂ ಕೇಳಿದ್ದರಂತೆ. ಅವರು ಒಪ್ಪಿರಲಿಲ್ಲ.

ಮರು ಭಾನುವಾರ ಹೋದೆ. ನನ್ನ ಕುರ್ಚಿ ಇದ್ದಲ್ಲೇ ಇತ್ತು. ಅವರು ಸ್ವಾಗತ, ಕುಶಲ ಎಂಬ ಯಾವ ಕಾಟವನ್ನೂ ಕೊಡಲಿಲ್ಲ. ಪಾರ್ಟಿ ಗೈರುಹಾಜರಿದ್ದ ಕಾರಣ ವಿಚಾರಣೆ ಮುಂದಕ್ಕೆ ಹಾಕಿದ್ದೆ ಎಂದರು. ನೀವಿನ್ನೂ ಬೀಳುತ್ತಲೇ ಇದ್ದೀರಿ, ಏನು ಮಾಡುತ್ತೀರಿ ಎಂದು ಕೇಳಿದರು. ನನಗೆ ಯಾವ ರೂಲೂ ತೋಚಲಿಲ್ಲ. ಬಾವಿಯ ಗೋಡೆಯಲ್ಲಿ ಬೇರುಗೀರು ಏನಾದರೂ ಇದೆಯೇ ಎಂದೆ.

“ಇದೆ. ಆಲದ ಬೇರು. ಅವತ್ತೇ ಇತ್ತು,” ಎಂದರು. “ಕೇಳೋಕೆ ಐದು ತಿಂಗ್ಳು ಬೇಕಾಯ್ತಾ?”

ಕತ್ತಿವೀರ ಒಂದು ಕಾಲು ಮುರಿದುಕೊಂಡು ಬದುಕಿದ. ಆಮೇಲೆ ಆಟ ಮುಗಿಯುವವರೆಗೂ ಕುಂಟಿದ. ಅದಕ್ಕೂ ನಾನು ಆಕ್ಷೇಪಣೆ ಸಲ್ಲಿಸಿದ್ದೆ. ವಜಾ ಆಯಿತು.

ಈ ವರ್ಷದ ಮೊದಲಲ್ಲಿ ಅವರ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯಲ್ಲೂ ಅವರು ಸುಧಾರಿಸಲಿಲ್ಲ, ಯಾವ ಅರ್ಥದಲ್ಲೂ. ಉಪ್ಪಿಲ್ಲದ ಸಾರನ್ನು ಸಾರೆಂದು ಕರೆಯಲು ಆಧಾರವೇನು ಎಂದು ನರ್ಸನ್ನು ಕೇಳಿದ್ದರಂತೆ. ಕೊನೆಯ ವಾರ ಒಂದು ಸಂಜೆ ನಾಲ್ಕು ಗಂಟೆಗೆ, ಸ್ಕೂಲು ಬಿಟ್ಟು ನೇರವಾಗಿ ಹೋದೆ. ಅಂದು ನಾನೊಬ್ಬನೇ. ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಅವರು ಬಹಳ ಸಣ್ಣಗಾಗಿದ್ದರು.

ಒಂದು ಕೇಸ್ ಹೇಳುತ್ತೇನೆ, ಆಟದ್ದಲ್ಲ ಎಂದರು. ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಅವರು ಕೂರುತ್ತಿದ್ದ ಕಾಲ. ಮನೆಯ ವಿಷಯದ ಅರ್ಜಿ ಹಿಡಿದು ಹಳ್ಳಿಯ ಹೆಂಗಸೊಬ್ಬಳು ಬಂದಳು. ವಾಯಿದೆಯ ಕೊನೆಯ ದಿನ. ಗೋಡೆಯ ಗಡಿಯಾರದಲ್ಲಿ ಐದು ಗಂಟೆಯ ಮೇಲೆ ಎರಡು ನಿಮಿಷ ಆಗಿತ್ತು. ಮುಗಿಯಿತು ಎಂದು ಕಿಟಕಿ ಹಾಕಿದರು. ಆ ಗಡಿಯಾರ ಐದು ನಿಮಿಷ ಮುಂದಿತ್ತು. ಅದು ಅವರಿಗೆ ಗೊತ್ತಿತ್ತು. ಮಾರನೆಯ ದಿನ ಬಾಗಿಲು ತೆಗೆಯುವ ಮೊದಲೇ ಅವಳು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ತಡವಾದದ್ದನ್ನು ಮನ್ನಿಸಿ ಎಂದು ಇನ್ನೊಂದು ಅರ್ಜಿ ಹಾಕುವ ದಾರಿ ಆಗಲೂ ಇತ್ತು. ಅದನ್ನು ಅವಳಿಗೆ ಹೇಳಬೇಕೆಂಬ ರೂಲ್ ಇರಲಿಲ್ಲ. ಇವರು ಹೇಳಲಿಲ್ಲ. ಅವಳು ಇವರಿಗೆ ಕೈಮುಗಿದು ಹೋದಳು. ಮನೆಯೂ ಹೋಯಿತೆಂದು ಆಮೇಲೆ ತಿಳಿಯಿತು.

“ಯಾರನ್ನ ಕೇಳಿದ್ರೂ ನಿಮ್ದೇನು ತಪ್ಪಿದೆ, ರೂಲ್ಸ್ ಪ್ರಕಾರ ಮಾಡಿದೀರಿ ಅಂತಾರೆ,” ಎಂದರು. “ನೀವು ಹೇಳಿ ಮೇಷ್ಟ್ರೇ.”

ನನ್ನ ನಾಲಿಗೆಯ ಮೇಲೂ ಅದೇ ಮಾತು ಬಂದು ಕೂತಿತ್ತು. ನಾನು ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತು. ಕಾಯಿಲೆಯವರ ಎದುರು ಹೇಳಬೇಕಾದದ್ದೂ ಅದೇ. ಅವರು ಕನ್ನಡಕವಿಲ್ಲದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಹೊರಗೆ ಯಾರದೋ ಹೆಸರು ಕೂಗಿದರು, ಯಾರೋ ಎದ್ದು ಹೋದರು. 

“ತಪ್ಪು ನಿಮ್ಮದೇ ಮೇಡಂ,” ಎಂದೆ.

ಅವರು ಕಣ್ಣು ಮುಚ್ಚಿದರು. ಸಿಟ್ಟಾದರೇನೋ ಎಂದುಕೊಂಡೆ. ಹೊದಿಕೆಯ ಮೇಲಿದ್ದ ಕೈ ಮೆಲ್ಲಗೆ ಸರಿದು ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಿತು.

“ಸದ್ಯ,” ಎಂದರು. “ಒಬ್ರಾದ್ರೂ ಹೇಳಿದ್ರಲ್ಲ.”

ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ವಾರ್ಡಿನವರು ಬಂದು ಹೊತ್ತು ಮುಗಿಯಿತು, ಏಳಿ ಎನ್ನುವವರೆಗೂ ನಾನು ಕೈ ತೆಗೆಯಲಿಲ್ಲ.